ಸಕ್ಕರೆ ಕೇಳಲು ಬಂದ ನಿರ್ದೇಶಕರು

ನಮ್ಮ ನಾಟಕದ ನಿರ್ದೇಶಕರು ಬಹ್ರೈನಿನ ಮೀನಾ ಸಲ್ಮಾನ್ ಬಂದರಿನ ಗೋದಾಮೊಂದರ ಮ್ಯಾನೇಜರ್ ಆಗಿದ್ದರು. ತಾಲೀಮಿಗೆ ಯಾರು ತಡವಾದರೂ ಕನ್ನಡಕ ಹಣೆಗೇರಿಸಿ ಫೋನಿನಲ್ಲಿ ಹೇಳುತ್ತಿದ್ದುದು ಒಂದೇ ಮಾತು: "ನಿಧಾನ ಬನ್ನಿ ಮಾರಾಯ್ರೆ, ನೀವು ಬರುವ ತನಕ ನಾವು ಎಳೀತೇವೆ."

ಪ್ರದರ್ಶನದ ಸಂಜೆ ಆಸ್ಪತ್ರೆಯ ಡ್ಯೂಟಿಯಿಂದ ನನ್ನನ್ನು ಬಿಡುವಾಗಲೇ ಹೊತ್ತಾಗಿತ್ತು. ಮನೆಯೊಡತಿಯ ಪಾತ್ರ ನನ್ನದು. ಓಡಿ ಬಂದು ಪರದೆಯ ಮರೆಯಿಂದ ನೋಡಿದರೆ, ಎಂದೂ ರಂಗ ಹತ್ತದ ನಿರ್ದೇಶಕರು ಖಾಲಿ ಲೋಟ ಹಿಡಿದು ನಿಂತಿದ್ದಾರೆ! ಮುಂದಿನ ವೇಷ ಸಿದ್ಧವಾಗುವ ತನಕ ಯಕ್ಷಗಾನದ ಹಾಸ್ಯಗಾರ ಆಟ ಎಳೆಯುವಂತೆ, ಸಕ್ಕರೆ ಕೇಳಲು ಬಂದ ನೆರೆಮನೆಯವನಾಗಿ ನಾಟಕದಲ್ಲಿಲ್ಲದ ಮಾತನ್ನೆಲ್ಲ ಆಡುತ್ತಿದ್ದಾರೆ. ಜನ ನಗುತ್ತಿದ್ದರು, ಅವರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಸೀರೆ ಉಡಲು ಸಮಯವೆಲ್ಲಿ? ನರ್ಸಿನ ಯೂನಿಫಾರ್ಮಿನಲ್ಲೇ ಹಿಂಜರಿಯುತ್ತಿದ್ದ ನನ್ನನ್ನು ಕಂಡು ನಿರ್ದೇಶಕರು ಕೂಗಿದರು: "ಅಗೊ, ಈ ಮನೆಯ ಅಕ್ಕ ಡ್ಯೂಟಿ ಮುಗಿಸಿ ಬಂದ್ರು!"

ಬಹ್ರೈನಿನಲ್ಲಿ ನನ್ನ ಯೂನಿಫಾರ್ಮಿಗೆ ಚಪ್ಪಾಳೆ ಬಿದ್ದದ್ದು ಅದೊಂದೇ ಸಲ.