ನಾಲ್ಕನೆಯ ತಂತಿಯ ಕೆಳಗಿನ ದಾರ

ಅಂಗಡಿಯಲ್ಲಿ ಅಪ್ಪ ಗಿಟಾರಿಗೆ ಕಿವಿ ಹಚ್ಚಿ ನಿಂತ ಚಿತ್ರದಿಂದ ಶುರು ಮಾಡಬೇಕೆಂದಿದ್ದೆ. ಆದರೆ ನನ್ನ ತಲೆಯೊಳಗಿನ ಆ ಚಿತ್ರದಲ್ಲಿ ಅವರು ಹಚ್ಚಿದ್ದು ಎಡಗಿವಿ, ಅವರಿಗೆ ಸರಿಯಾಗಿ ಕೇಳಿಸುವುದು ಬಲಗಿವಿ ಮಾತ್ರ. ಅಂದಮೇಲೆ ಆ ಚಿತ್ರವನ್ನು ನಾನು ಆಮೇಲೆ ಕಟ್ಟಿಕೊಂಡಿರಬೇಕು. ಅದನ್ನು ಪಕ್ಕಕ್ಕಿಟ್ಟು, ಖಚಿತವಾಗಿರುವ ಕಡೆಯಿಂದ ಹೊರಡುತ್ತೇನೆ. ಫೋನು ಬಡಿದುಕೊಂಡಿತು. ಅದು ಖಚಿತ.

ಪುಣೆಯಲ್ಲಿ ನೆಲೆಸಿದ ನಮ್ಮ ಧಾರವಾಡ, ಬೆಳಗಾವಿ ಕಡೆಯ ಕೆಲವು ಮನೆಗಳವರು ತಿಂಗಳಿಗೊಮ್ಮೆ ಯಾರದಾದರೂ ಮನೆಯ ಹಾಲಿನಲ್ಲಿ ಕೂತು ದಾಸರ ಪದ ಹಾಡುತ್ತಾರೆ. ಆ ಸಲ ಕೋಥರೂಡದಲ್ಲಿ, ನಮ್ಮದೇ ಸೊಸೈಟಿಯ ಇನ್ನೊಂದು ಬಿಲ್ಡಿಂಗಿನಲ್ಲಿ. ಅಪ್ಪ ಹಾಡುತ್ತಿದ್ದರು. ಆ ಮನೆಯವರ ಫೋನಿನಲ್ಲಿ ತಂಬೂರಿಯ ಆ್ಯಪ್ ನುಡಿಯುತ್ತಿತ್ತು. ನಡುವೆ ಯಾರೋ ಪಾರ್ಸಲ್ ತಂದವನು ಗೇಟಿನಿಂದ ಫೋನು ಮಾಡಿದ. ತಂಬೂರಿ ನಿಂತು ರಿಂಗ್‌ಟೋನ್ ಶುರುವಾಯಿತು. ಅಪ್ಪನ ದನಿ ಒಂದು ಕ್ಷಣ ಆಸರೆಯಿಲ್ಲದೆ ನಿಂತು, ನಿಧಾನ ಕೆಳಗೆ ಜಾರಿತು. ಅವರು ಷಡ್ಜ ಹುಡುಕಿದರು. ಒಂದು 'ಸಾ' ಹಿಡಿದರು, ಬಿಟ್ಟರು, ಇನ್ನೊಂದು ಹಿಡಿದರು.

"ಸಾ ಸಿಗವಲ್ದು," ಎಂದರು.

"ಆಗ್ತದ್ರೀ ರಾಯರ, ಮತ್ತೊಮ್ಮೆ ಹೇಳ್ರಿ," ಎಂದು ಎಲ್ಲರೂ ಹೇಳಿದರು. ಅಪ್ಪ ನೀರು ಕುಡಿದು ಎದ್ದರು. ಅಂದಿನಿಂದ ಹಾಡಲಿಲ್ಲ. ಸ್ನಾನದ ಮನೆಯಲ್ಲೂ ಇಲ್ಲ.

ನಮ್ಮ ತಂಬೂರಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಅವ್ವ ಹೇಳುತ್ತಾಳೆ. ಅಪ್ಪ ದೇಹೂ ರೋಡಿನ ಮಿಲಿಟರಿ ಡೆಪೋದಲ್ಲಿ ಕಾರಕೂನರಾಗಿದ್ದು ನಿವೃತ್ತರಾದ ಮೇಲೆ, ಅಲ್ಲಿಂದ ಈ ಫ್ಲ್ಯಾಟಿಗೆ ಸಾಮಾನು ಸಾಗಿಸುವಾಗ ಅದರ ಬುರುಡೆ ಸೀಳಿತು. ಅವ್ವನ ಹಳೆಯ ಸೀರೆ ಸುತ್ತಿಕೊಂಡು ಅದು ಕಪಾಟಿನ ಮೇಲೆ ಮಲಗಿದೆ.

ಆ ತಂಬೂರಿಯ ಒಂದು ಸಂಗತಿ ಇಲ್ಲೇ ಹೇಳಬೇಕು. ತಂಬೂರಿಯ ತಂತಿಗಳು ಕುದುರೆ ಎಂಬ ಅಗಲ ಪಟ್ಟಿಯ ಮೇಲೆ ಹಾಯುತ್ತವೆ. ಅಪ್ಪ ಧೋತರದ ಅಂಚಿನಿಂದ ಒಂದು ಎಳೆ ಕಿತ್ತು, ನಾಲಿಗೆಗೆ ತಾಗಿಸಿ, ತಂತಿಗೂ ಕುದುರೆಗೂ ನಡುವೆ ಇಟ್ಟು ಹಿಂದೆ ಮುಂದೆ ಸರಿಸುತ್ತಿದ್ದರು. ಒಂದು ಜಾಗಕ್ಕೆ ಬಂದಾಗ ತಂತಿ ಬಾಯಿ ಬಿಡುತ್ತಿತ್ತು. ಗುಂಯ್ ಎಂಬ ಆ ತೆರೆದ ನಾದಕ್ಕೆ ಜವಾರಿ ಎನ್ನುತ್ತಾರೆ. ಇಷ್ಟು ಹೇಳಿದ ಮೇಲೆ ಮುಂದಿನದು ನಿಮಗೆ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ.

ನವೆಂಬರಿನ ರಾಜ್ಯೋತ್ಸವಕ್ಕೆ ಇಲ್ಲಿಯ ಕನ್ನಡ ಸಂಘದವರು ಅಪ್ಪನಿಗೆ ಸನ್ಮಾನ ಮಾಡುವುದೆಂದು ಗೊತ್ತುಮಾಡಿದರು. ಶಾಲು, ಹಣ್ಣು, ತೆಂಗಿನಕಾಯಿ. ಆಮೇಲೆ ಅಪ್ಪ ಒಂದು ಪದ ಹಾಡಬೇಕು. ಅಪ್ಪ ಆಗುವುದಿಲ್ಲ ಎಂದರು. ಮರುದಿನವೋ ಆ ವಾರವೋ, ಚಹಾ ಕುಡಿಯುತ್ತ, ನನ್ನ ಕಡೆ ನೋಡದೆ ಕೇಳಿದರು:

"ಫೋನ್ ಬ್ಯಾಡ. ಮನುಷ್ಯಾರು ಬಾರಸ್ಬೇಕು. ನಿನ್ನ ಡಬ್ಬಿ ಸಾ ಹಿಡಿತದೇನು?"

ಡಬ್ಬಿ ಎಂದರೆ ಗಿಟಾರು. ಕಾಲೇಜಿನಿಂದಲೂ ನಾನು ಬಾರಿಸುತ್ತ ಬಂದದ್ದನ್ನು ಅವರು ಬೇರೆ ಹೆಸರಿನಿಂದ ಕರೆದೇ ಇಲ್ಲ.

ಅವ್ವ ಅಡಿಗೆಮನೆಗೆ ನನ್ನನ್ನು ಎಳೆದುಕೊಂಡು ಹೋಗಿ ಹೇಳಿದಳು: "ನೋಡು, ಅವತ್ತೂ ಸಾ ಸಿಗಲಿಲ್ಲಂದ್ರ ಈ ಮನುಷ್ಯಾ ಇನ್ನ ಹಾಡಂಗಿಲ್ಲ. ನಾ ಬರದ್ ಕೊಡ್ತೀನಿ."

ನನ್ನ ಹಳೆಯ ಗಿಟಾರಿನ ಕತ್ತು ಬಾಗಿತ್ತು, ಶ್ರುತಿ ನಿಲ್ಲುತ್ತಿರಲಿಲ್ಲ. ಸಮಾರಂಭಕ್ಕೆ ಗೊತ್ತಾದದ್ದು ದೊಡ್ಡ ಹಾಲು, ಧ್ವನಿವರ್ಧಕಕ್ಕೆ ಜೋಡಿಸುವಂಥದ್ದೇ ಬೇಕು. ಎಷ್ಟೋ ವರ್ಷಗಳಿಂದ ಕಣ್ಣಿಟ್ಟಿದ್ದ ಒಂದು ಒಳ್ಳೆಯ ಎಲೆಕ್ಟ್ರೋ-ಅಕೌಸ್ಟಿಕ್ ಇತ್ತು. ಅದನ್ನು ಕೊಳ್ಳಲು ನೆವ ಸಿಕ್ಕಿತೇ, ಅಥವಾ ಅಪ್ಪನಿಗಾಗಿಯೇ ಕೊಂಡೆನೇ, ಈಗ ಬೇರ್ಪಡಿಸಿ ಹೇಳಲಾರೆ.

ಅಂಗಡಿಗೆ ಅಪ್ಪ ತಾವಾಗಿಯೇ ಬಂದರು. ಅಂಗಡಿಯವನು ಗಾಜಿನ ಬಾಗಿಲು ಮುಚ್ಚಿ, ಗಿಟಾರನ್ನು ಮಗುವಿನ ಹಾಗೆ ಎತ್ತಿ ಕೊಟ್ಟ. ಮುಂಭಾಗ ಬೆಣ್ಣೆ ಬಣ್ಣದ ಮರ, ಬೆನ್ನು ಬೀಟೆ.

"ಇದು ನಮ್ಮ ದಾಂಡೇಲಿ ಕಡೆದ ಬೀಟಿ," ಎಂದರು ಅಪ್ಪ, ಬೆನ್ನು ಸವರಿ.

"ಇಂಪೋರ್ಟೆಡ್ ಆಹೆ, ಕಾಕಾ," ಎಂದ ಅಂಗಡಿಯವನು.

"ಇರಲಿ. ಪರದೇಶಕ್ಕ ಹೋಗಿ ಬಂದದ." ಆಮೇಲೆ ಒಂದು ತಂತಿ ಮೀಟಿ, ಯಾವುದೋ ಒಂದು ಕಿವಿ ಹಚ್ಚಿ, ನನಗಷ್ಟೇ ಕೇಳುವಂತೆ: "ಇದರಾಗ ಜವಾರಿ ಇಲ್ಲ."

ಮನೆಯಲ್ಲಿ ಅವ್ವನಿಗೂ ಅದನ್ನೇ ಹೇಳಿದರು. ನಮ್ಮ ಕಡೆ ನಾಟಿ ತರಕಾರಿಗೂ ಜವಾರಿ ಎಂದೇ ಅನ್ನುತ್ತಾರೆ. "ಜವಾರಿ ಸೌತಿಕಾಯಿ ಅಂದಿದ್ರ ನಾನ ತಂದು ಕೊಡ್ತಿದ್ದೆ," ಎಂದು ಅವ್ವ ಹೊಸ ಗಿಟಾರಿಗೆ ಕುಂಕುಮ ಹಚ್ಚಲು ಬಂದಳು. ಆ ಮರಕ್ಕೆ ಕಲೆ ಬೀಳುತ್ತದೆ ಎಂದು ನಾನು ಅಡ್ಡ ನಿಂತೆ. ಕೊನೆಗೆ ಕುಂಕುಮ ಹತ್ತಿದ್ದು ಪೆಟ್ಟಿಗೆಗೆ.

ಅಪ್ಪನ ಶ್ರುತಿ ಈಗ ಬಿಳಿ ಒಂದು, ಅಂದರೆ ಹಾರ್ಮೋನಿಯಮ್ಮಿನ ಮೊದಲ ಬಿಳಿ ಮನೆ. ಮೊದಲು ಕರಿ ಒಂದು ಇತ್ತು. ವಯಸ್ಸಿನ ಜೊತೆ ಒಂದು ಮನೆ ಇಳಿದದ್ದನ್ನು ಅವರು ಯಾರೆದುರೂ ಒಪ್ಪುವುದಿಲ್ಲ. ಅದಕ್ಕೆ ಹೊಂದಿಸಲು ಗಿಟಾರಿನ ದಪ್ಪ ತಂತಿಗಳನ್ನು ಇಳಿಸಬೇಕು. ಇಳಿಸಿದರೆ ಅವು ಸಡಿಲಾಗಿ ಕತ್ತಿನ ಮೇಲಿನ ಪಟ್ಟಿಗಳಿಗೆ ಬಡಿದು ಗುಂಯ್‌ಗುಡುತ್ತವೆ. ಹಾಗಾಗಿ ಬಿಬವೇವಾಡಿಯಲ್ಲಿ ಗಿಟಾರು ಹದ ಮಾಡುವವನ ಹತ್ತಿರ ಹೋದೆ. ಹಿಟ್ಟಿನ ಗಿರಣಿಯ ಮೇಲಿನ ಕೋಣೆ, ಬೆಳಗಾವಿ ಕಡೆಯ ಮನುಷ್ಯ, ಒಂದು ಕಾಲಕ್ಕೆ ರಾಕ್ ಬ್ಯಾಂಡಿನಲ್ಲಿ ಬಾರಿಸಿದವನು, ಮಾತು ಬಹಳ.

"ಗಿಟಾರ ಗುಂಯ್ ಅಂದ್ರ ನನಗ ಹಲ್ಲ ನೋವು ಬಂದಂಗ ಆಗ್ತದ್ರಿ, ಅಕ್ಕಾರ. ಒಂದ ತಂತಿ ಗುಂಯ್ ಅನ್ನಂಗಿಲ್ಲ ನೋಡ್ರಿ, ಹಂಗ ಮಾಡಿ ಕೊಡ್ತೀನಿ."

ಹಾಗೆಯೇ ಮಾಡಿಕೊಟ್ಟ. ಇನ್ನೂ ದಪ್ಪ ತಂತಿ ಹಾಕಿದ, ಕತ್ತಿನೊಳಗಿನ ಸರಳು ತಿರುಗಿಸಿ ಬಾಗು ಸರಿಪಡಿಸಿದ. ತಂತಿಗಳು ಕೂರುವ ಮೂಳೆಯ ಪಟ್ಟಿಯನ್ನು, ಅಂದರೆ ಸ್ಯಾಡಲನ್ನು, ಬದಲಿಸಿದ. ಅದರ ಕೆಳಗೇ ಪಿಕಪ್ ಇದೆ, ತಂತಿಯ ನಡುಕವನ್ನು ಸ್ಪೀಕರಿಗೆ ಒಯ್ಯುವುದು ಅದೇ. ಐದನೆಯ ತಂತಿ ಪಂಚಮವಾಯಿತು, ನಾಲ್ಕನೆಯದು ಅಪ್ಪನ ಷಡ್ಜ. ನೀರಿನ ಹಾಗೆ ಶುದ್ಧವಾಗಿತ್ತು.

ಅಪ್ಪ ಅದರೆದುರು ಕೂತರು. ನಾನು ಮೀಟಿದೆ. ಅವರು ಬಾಯಿ ತೆರೆದರು, ಮುಚ್ಚಿದರು.

"ಸ್ವಚ್ಛ ಅದ," ಎಂದರು. "ಭಾಳ ಸ್ವಚ್ಛ ಅದ. ದವಾಖಾನಿ ಇದ್ದಂಗ ಅದ."

ಮರುದಿನವೂ ಹಾಗೆಯೇ. ಆಮೇಲಿನ ದಿನವೂ. ನಾನು ಮೀಟುವುದು, ಅವರು ಕೇಳಿಸಿಕೊಂಡು ಪೇಪರು ತೆಗೆದುಕೊಳ್ಳುವುದು. ಸಂಘದವರು ಕರಪತ್ರ ಅಚ್ಚು ಹಾಕಿಸಿ ಕಳಿಸಿದರು. ಅಪ್ಪ ಅದನ್ನು ಮಡಚಿ ಕನ್ನಡಕದ ಡಬ್ಬಿಯಲ್ಲಿಟ್ಟರು. ಪಾತ್ರೆ ಇಡುವಾಗಲೂ ಅವ್ವ ಸಪ್ಪಳವಾಗದ ಹಾಗೆ ಇಡುತ್ತಿದ್ದಳು.

ಕಾರ್ಯಕ್ರಮದ ಹಿಂದಿನ ದಿನ ನಾನು ಆಫೀಸಿನಿಂದ ಬರುವುದರೊಳಗೆ ಅವ್ವ ಲಿಫ್ಟಿನ ಬಾಗಿಲಲ್ಲೇ ನಿಂತಿದ್ದಳು.

"ಹಾಡಿದ್ರು! ನೀ ಇಲ್ಲದಾಗ. ನಿನ್ನ ಡಬ್ಬಿ ತೊಡಿ ಮ್ಯಾಲ ಇಟಗೊಂಡು, ತಾವ ಬಾರಿಸ್ಕೊಂತ. ಪೂರಾ ಪದ ಹಾಡಿದ್ರು."

ಹದ ಮಾಡಿಸಿದ್ದು ಸಾರ್ಥಕವಾಯಿತು ಎಂದುಕೊಂಡೆ. ಅಪ್ಪನನ್ನು ಕೇಳಲು ಹೋಗಲಿಲ್ಲ. ಕೇಳಿದರೆ, ಸಿಕ್ಕದ್ದು ಹರಿದುಹೋಗಬಹುದು ಎಂಬ ಭಯ.

ಕಾರ್ಯಕ್ರಮದ ದಿನ ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ಶ್ರುತಿ ನೋಡಲು ಗಿಟಾರು ತೆಗೆದೆ. ನಾಲ್ಕನೆಯ ತಂತಿ ಗುಂಯ್ ಎಂದಿತು.

ಆಮೇಲಿನ ಹೊತ್ತು ನನಗೆ ತುಂಡುತುಂಡಾಗಿ ಮಾತ್ರ ಇದೆ. ಕತ್ತಿನ ಉದ್ದಕ್ಕೂ ಕಣ್ಣು ಹಾಯಿಸಿದ್ದು. ಮಳೆಗಾಲ ಮುಗಿದು ಗಾಳಿ ಒಣಗುತ್ತಿದೆ, ಮರ ಕುಗ್ಗಿ ಎಲ್ಲ ಕೆಟ್ಟಿದೆ ಎಂದು ತೀರ್ಮಾನಿಸಿದ್ದು. ಪಟ್ಟಿ ಪಟ್ಟಿಯನ್ನೂ ಒತ್ತಿ ನೋಡಿದ್ದು. ಸ್ಯಾಡಲಿನ ಕಡೆ ಮಾತ್ರ ನೋಡಲಿಲ್ಲ, ಏಕೆಂದರೆ ಅದು ಹೊಸದು. ಹದ ಮಾಡುವವನಿಗೆ ಫೋನು ಮಾಡಿದರೆ, "ತಗೊಂಡು ಬರ್ರಿ, ಆದರ ಮಧ್ಯಾಹ್ನ ನಾ ಇರಂಗಿಲ್ರಿ," ಎಂದ. ಅವ್ವನಿಗೆ, ನೀವಿಬ್ಬರೂ ಸೀದಾ ಹಾಲಿಗೆ ಬಂದುಬಿಡಿ, ನಾನು ಅಲ್ಲಿಗೇ ಬರುತ್ತೇನೆ ಎಂದೆ. "ಅಪ್ಪಗ ಏನ್ ಹೇಳ್ಲಿ?" ಎಂದಳು. "ಏನೂ ಹೇಳಬ್ಯಾಡ."

ಗಿಟಾರು ಬೆನ್ನಿಗೆ ಕಟ್ಟಿಕೊಂಡು ಸ್ಕೂಟರಿನಲ್ಲಿ ಕೋಥರೂಡದಿಂದ ಬಿಬವೇವಾಡಿ. ಪ್ರತಿ ಗುಂಡಿಗೂ ಬೆನ್ನ ಮೇಲೆ ಆ ತಂತಿ ಸಣ್ಣಗೆ ಗುಂಯ್ ಎನ್ನುತ್ತಿತ್ತು ಎಂದು ನೆನಪು. ಅದು ಸಾಧ್ಯವಿಲ್ಲ, ದಪ್ಪ ಚೀಲ, ಹಾರ್ನುಗಳು, ನನ್ನ ಹೆಲ್ಮೆಟ್ಟು. ಆದರೂ ನನಗೆ ಕೇಳಿಸಿತು.

ಅವನು ಗಿಟಾರನ್ನು ಮೇಜಿನ ಮೇಲೆ ಮಲಗಿಸಿ, ಕತ್ತು ನೋಡಿದ, ಸರಿಯಿತ್ತು. ಪಟ್ಟಿ ನೋಡಿದ, ಸರಿಯಿದ್ದವು. ಅವನ ಮಾತು ಕಡಿಮೆಯಾಗುತ್ತ ಬಂದು ನಿಂತೇಹೋಯಿತು. ಕೆಳಗೆ ಗಿರಣಿ ಓಡುತ್ತಿತ್ತು. ಆಮೇಲೆ ದೀಪ ಹತ್ತಿರ ಎಳೆದು, ಚಿಮಟಿಗೆ ತೆಗೆದುಕೊಂಡು, ಸ್ಯಾಡಲಿನ ಮೇಲಿಂದ ಏನನ್ನೋ ಎತ್ತಿದ.

"ಇದೇನ್ರಿ ಕಚರಾ? ದಾರ ಸಿಕ್ಕೊಂಡದ. ಬಿಳಿ ಮೂಳಿ ಮ್ಯಾಲ ಬಿಳಿ ದಾರ, ಹೆಂಗ ಕಾಣಬೇಕ್ರಿ?" ಫೂ ಎಂದು ಊದಿದ. ದಾರ ಎಲ್ಲಿ ಬಿತ್ತೋ. ತಂತಿ ಮೀಟಿದ. "ಈಗ ಕೇಳ್ರಿ. ಕನ್ನಡಿ!"

ನೀರಿನ ಹಾಗೆ ಶುದ್ಧ. ದವಾಖಾನೆ.

"ಅದು ಕಚರಾ ಅಲ್ಲ," ಎಂದೆ. ಹೇಳಿದೆನೆಂದೇ ನೆನಪು, ಗಿರಣಿಯ ಸದ್ದಿನಲ್ಲಿ ಅವನಿಗೆ ಕೇಳಿಸಿರಲಿಕ್ಕಿಲ್ಲ. ಅಷ್ಟು ಕಿರಿದಾದ ಮೂಳೆಯ ಮೇಲೆ ದಾರಕ್ಕೆ ಜಾಗವೇ ಇಲ್ಲ. ಅಪ್ಪ ಎಷ್ಟು ಹೊತ್ತು ಸರಿಸಿ ಸರಿಸಿ ಆ ಜಾಗ ಹುಡುಕಿದ್ದರೋ. ನನಗೆ ಹಾಗೆ ಇಡಲು ಬರುವುದಿಲ್ಲ.

"ಒಂದು ವ್ಯಾಳ್ಯಾ ದಾರ ಅಲ್ಲೇ ಇದ್ದರ?" ಎಂದು ಕೇಳಿದೆ.

"ಪಿಕಪ್ ಮ್ಯಾಲ? ಹುಚ್ಚರೇನ್ರಿ? ಹಾಲ್ ತುಂಬ ಜೇನಹುಳ ಬಿಟ್ಟಂಗ ಆಗ್ತದ."

ಹಾಲಿಗೆ ಮುಟ್ಟಿದಾಗ ಅಪ್ಪ ಆಗಲೇ ವೇದಿಕೆಯ ಮೇಲಿದ್ದರು. ಶಾಲು ಹೊದಿಸಿ ಆಗಿತ್ತು, ಭಾಷಣ ನಡೆದಿತ್ತು. ನಾನು ಹಿಂದಿನಿಂದ ಹತ್ತಿ ಪಕ್ಕದಲ್ಲಿ ಕೂತು, ಗಿಟಾರಿಗೆ ವೈರು ಚುಚ್ಚಿದೆ. ಅಪ್ಪನಿಗೆ ಹೇಳಲು ಬಗ್ಗಿದೆ, ಆದರೆ ನನ್ನ ಪಕ್ಕ ಇದ್ದದ್ದು ಅವರ ಎಡಗಿವಿ. ಅಷ್ಟರಲ್ಲಿ ನಿರೂಪಕರು, "ಈಗ ರಾಯರು," ಎಂದರು. ಚಪ್ಪಾಳೆ.

ನಾಲ್ಕನೆಯ ತಂತಿ ಮೀಟಿದೆ.

ಅಪ್ಪ ಕಣ್ಣು ಮುಚ್ಚಿದ್ದರು. ತೆರೆದರು. ಗಿಟಾರಿನ ಕಡೆ ತಿರುಗಿ, ಬಗ್ಗಿ, ಸ್ಯಾಡಲನ್ನು ನೋಡಿದರು. ಮೈಕು ಅವರ ಬಾಯಿಗೆ ಹತ್ತಿರವಿತ್ತು.

"ದಾರ ಎಲ್ಲಿ?"

ಇಡೀ ಹಾಲಿಗೆ ಕೇಳಿಸಿತು. ಮುಂದಿನ ಸಾಲಿನಿಂದ ಅವರ ವಯಸ್ಸಿನವರೊಬ್ಬರು, "ಯಾವ ದಾರ್ರೀ ರಾಯರ? ಜನಿವಾರ ಕಳಕೊಂಡ್ರೇನು?" ಎಂದರು. ಜನ ನಕ್ಕರು. ಅಪ್ಪ ನಗಲಿಲ್ಲ. ಹೊದ್ದಿದ್ದ ಸನ್ಮಾನದ ಶಾಲಿನ ಅಂಚಿನಿಂದ ಒಂದು ಎಳೆ ಕಿತ್ತು, ಬೆರಳಲ್ಲಿ ಹೊಸೆದು ನೋಡಿದರು. "ನೈಲಾನ್," ಎಂದು, ಅದೂ ಮೈಕಿನಲ್ಲೇ, ಅದನ್ನು ಬಿಸಾಕಿದರು. ಸಂಘದ ಅಧ್ಯಕ್ಷರು ಕುರ್ಚಿಯಲ್ಲಿ ಮಿಸುಕಾಡಿದರು. ಅಪ್ಪ ಬಗ್ಗಿ ಧೋತರದ ಅಂಚು ಹುಡುಕತೊಡಗಿದರು. ನಗು ನಿಂತು, ಅದಕ್ಕಿಂತ ಕೆಟ್ಟದಾದ ಮೌನ ಬಂತು. ಕೋಥರೂಡದ ಆ ಹಾಲಿನಲ್ಲಿ, ಫೋನು ನಿಂತ ಮೇಲೆ ಇದ್ದದ್ದು ಇದೇ ಮೌನ.

ಎಳೆ ಬಂತು. ನಾಲಿಗೆಗೆ ತಾಗಿಸಿದರು. ತಂತಿಯ ಕೆಳಗೆ ಸೇರಿಸಿದರು.

"ಬಾರಸು."

ಮೀಟಿದೆ. ದಪ್ಪ್ ಎಂದಿತು, ನಾದವೇ ಇಲ್ಲ. ಕೂದಲೆಳೆಯಷ್ಟು ಸರಿಸಿದರು. "ಬಾರಸು." ಮತ್ತೆ ದಪ್ಪ್. ಸರಿಸಿದರು. "ಬಾರಸು."

ಗುಂಯ್ ಎಂದಿತು. ಮನೆಯಲ್ಲಿ ಕೇಳಿದ ಸಣ್ಣ ಗುಂಯ್ ಅಲ್ಲ. ಎರಡೂ ಕಡೆಯ ಸ್ಪೀಕರುಗಳಿಂದ, ಛಾವಣಿಯ ತಗಡು ಕಂಪಿಸುವ ಹಾಗೆ. ಮೂಲೆಯಲ್ಲಿ ಕೂತಿದ್ದ ಸೌಂಡಿನವನು ದಡಬಡಿಸಿ ಎದ್ದ. "ವಾಯರ್ ಗೇಲೀ!" ವೈರು ಹೋಯಿತು ಎನ್ನುತ್ತ ವೇದಿಕೆಯ ಕಡೆ ಓಡಿಬಂದ, ನನ್ನ ಕಾಲ ಹತ್ತಿರದ ವೈರಿಗೆ ಕೈ ಹಾಕಿದ. ಅಪ್ಪ ಮತ್ತೆ ಕಣ್ಣು ಮುಚ್ಚಿದ್ದರು, ಬಾಯಿ ಅರ್ಧ ತೆರೆದಿತ್ತು. ನಾನು ಮೀಟುವುದನ್ನು ನಿಲ್ಲಿಸುವ ಹಾಗಿರಲಿಲ್ಲ, ಮಾತಾಡುವ ಹಾಗೂ ಇರಲಿಲ್ಲ. ತಲೆ ಅಲ್ಲಾಡಿಸಿದೆ. ಅವನು ನನ್ನನ್ನು ನೋಡಲೇ ಇಲ್ಲ.

"ಅಹೋ ದಾದಾ! ಹಾತ್ ಲಾವೂ ನಕಾ!"

ಅವ್ವ. ಕೈ ಹಚ್ಚಬೇಡಿ ಎಂದು ಮರಾಠಿಯಲ್ಲಿ ಕೂಗುತ್ತ ಮೊದಲ ಸಾಲಿನಿಂದ ಎದ್ದು ಬಂದು, ಸಂಘದವರು ಕೊಟ್ಟ ತೆಂಗಿನಕಾಯಿ ಒಂದು ಕೈಯಲ್ಲಿ, ಇನ್ನೊಂದು ಕೈಯಿಂದ ಅವನ ಅಂಗಿ ಹಿಡಿದಿದ್ದಳು. ಕಾಯಿ ಎತ್ತಿ ಹಿಡಿದಿದ್ದಳು ಎಂದು ನನ್ನ ನೆನಪು. ಬರೀ ಹಿಡಿದಿದ್ದೆ ಎಂದು ಅವಳ ವಾದ. ಸೌಂಡಿನವನು ಬಗ್ಗಿದ ಹಾಗೆಯೇ ನಿಂತ, ಬೆರಳು ವೈರಿನ ಮೇಲೆ.

ಅಪ್ಪ ಸಾ ಹಿಡಿದರು.

ಮೊದಲು ಅದು ಗುಂಯ್‌ನೊಳಗೆ ಎಲ್ಲಿದೆಯೆಂದು ತಿಳಿಯಲಿಲ್ಲ. ಆಮೇಲೆ ತಂತಿಯದು ಯಾವುದು, ಅಪ್ಪನದು ಯಾವುದು ಎಂದು ತಿಳಿಯಲಿಲ್ಲ. ಸೌಂಡಿನವನು ವೈರು ಬಿಟ್ಟು, ಅಲ್ಲೇ ನೆಲದ ಮೇಲೆ ಕೂತ.

ಪದ ಹೇಗಿತ್ತು ಎಂದು ಕೇಳಿದರೆ ನಾನು ಹೇಳಲಾರೆ. ನಾನು ಒಂದು ತಂತಿಯ ಒಳಗಿದ್ದೆ. ಮೇಲಿನ ಸ್ವರದಲ್ಲಿ ಎರಡು ಕಡೆ ಇಳಿದರು ಎಂದು ಆ ಜನಿವಾರದವರು ಆಮೇಲೆ ಹೇಳಿದರು. ಇಳಿದಿರಬಹುದು. ಪ್ರತಿ ಸಲವೂ ಸಾ ಎಂಬ ಮನೆಗೆ ಮರಳಿದರು, ಅಷ್ಟು ನನಗೆ ಗೊತ್ತು.

ಮುಗಿದಾಗ ನಿರೂಪಕರು ಮೈಕಿಗೆ ಕೈ ಚಾಚಿದರು. ಮುಂದಿನದು ಮಕ್ಕಳ ನೃತ್ಯ. ಅಪ್ಪ ಮೈಕು ಕೊಡಲಿಲ್ಲ.

"ಇನ್ನೊಂದು ಹಾಡ್ತೀನ್ರಿ," ಎಂದರು.

ನಾನು ನಾಲ್ಕನೆಯ ತಂತಿಗೆ ಬೆರಳು ಹಚ್ಚಿದೆ. "ತಡಿ," ಎಂದು ಅಪ್ಪ ತಡೆದರು. "ಪಂಚಮಕ್ಕೂ ಒಂದು ಬೇಕು." ಅಷ್ಟರಲ್ಲಾಗಲೇ ಬಗ್ಗಿ, ಧೋತರದ ಅಂಚಿನಿಂದ ಎರಡನೆಯ ಎಳೆ ಎಳೆಯುತ್ತಿದ್ದರು.