ತೊಡೆಗೆ ಹಚ್ಚಿದ ಎಣ್ಣೆ

ಆ ಹುಡುಗಿ ಮೂರನೆಯ ಸಲ ನನ್ನ ತೊಡೆ ಒರೆಸಿ ಪಟ್ಟಿ ಅಂಟಿಸಲು ಬಂದಾಗ ನಾನು ರೇಗಿದೆ.

"ಎಷ್ಟು ಸಲ ಅಂಟಿಸ್ತೀಯಮ್ಮ? ಕೆಲಸ ಬರುತ್ತೋ ಇಲ್ವೋ ನಿಂಗೆ?"

ಅವಳು ಪಟ್ಟಿಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಕೇಳಿದಳು: "ಎಣ್ಣೆ ಏನಾದ್ರೂ ಹಚ್ಚಿದ್ರಾ ಅಂಕಲ್?"

"ಇಲ್ಲಮ್ಮ. ನನ್ನ ಮೈನೇ ಹಂಗೆ, ಬೆವರು ಜಾಸ್ತಿ."

ಸುಳ್ಳು. ಅವತ್ತು ಬೆಳಿಗ್ಗೆ ಮಂಡಿಯಿಂದ ತೊಡೆಯ ಅರ್ಧದವರೆಗೆ ನೋವಿನ ಎಣ್ಣೆ ತಿಕ್ಕಿಕೊಂಡೇ ಹೋಗಿದ್ದೆ.

ಅವಳು ಮತ್ತಿಕೆರೆಯ ಒಂದು ಕಾಲೇಜಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ನಮ್ಮ ಪಾರ್ಕಿಗೆ ಬಂದು, ವಾಕಿಂಗ್ ಮಾಡುವ ಮುದುಕರನ್ನೆಲ್ಲ ಕೇಳಿಕೊಂಡು ಒಪ್ಪಿಸಿದ್ದಳು. ಕಾಲು ಜಾರಿದಾಗ ಬೀಳದೆ ಉಳಿಯಬೇಕಾದರೆ ತೊಡೆಯ ಮಾಂಸಖಂಡ ಕಣ್ಣು ಮಿಟುಕಿಸುವಷ್ಟರಲ್ಲಿ ಬಲ ಹಾಕಬೇಕಂತೆ. ಆ ಥಟ್ಟನೆಯ ಬಲವನ್ನು, ಕುರ್ಚಿಗೆ ಕಟ್ಟಿ ಕೂರಿಸಿ ಒದೆಸಿ, ಒಂದು ಯಂತ್ರ ಅಳೆಯುತ್ತದೆ. ಅದೇ ಗಳಿಗೆಯಲ್ಲಿ ಮಾಂಸಖಂಡದೊಳಗೆ ಹರಿಯುವ ಸಣ್ಣ ಕರೆಂಟನ್ನು ಚರ್ಮಕ್ಕೆ ಅಂಟಿಸಿದ ಪಟ್ಟಿಗಳು ಹಿಡಿಯುತ್ತವೆ. ಈ ಕರೆಂಟಿನ ಅಳತೆಯನ್ನು ನಂಬಬಹುದೇ ಎಂಬುದೇ ಅವಳ ಪ್ರಶ್ನೆ. ಅದಕ್ಕಾಗಿ ಒಬ್ಬೊಬ್ಬರನ್ನೂ ವಾರ ಬಿಟ್ಟು ಮತ್ತೆ ಅಳೆದು, ಎರಡು ದಿನದ ಅಂಕಿ ಹೊಂದುತ್ತವೆಯೇ ಎಂದು ನೋಡುವಳು. ಮೊದಲ ದಿನ ನನ್ನ ತೊಡೆಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಒಂದು ಮಚ್ಚೆಯನ್ನೂ ಹಳೆಯ ಗಾಯದ ಗುರುತನ್ನೂ ಅದರಲ್ಲಿ ಬರೆದುಕೊಂಡಿದ್ದಳು. ಮುಂದಿನ ವಾರ ಪಟ್ಟಿ ಅದೇ ಜಾಗಕ್ಕೆ ಬರಬೇಕಲ್ಲ. ಎಣ್ಣೆ, ಮುಲಾಮು ಹಚ್ಚಬೇಡಿ ಎಂದು ಕನ್ನಡದಲ್ಲೇ ಬರೆದ ಚೀಟಿಯನ್ನೂ ಕೊಟ್ಟಿದ್ದಳು.

ಮೊದಲ ದಿನ ಚೀಟಿಯಂತೆ ನಡೆದುಕೊಂಡೆ. ಒದ್ದೂ ಒದ್ದೂ ಮಂಡಿ ಹಿಡಿದುಕೊಂಡಿತು. ವಾರದ ನಂತರ ಎರಡನೆಯ ಅಳತೆಯ ದಿನ ನೋವು ತಡೆಯಲಾಗಲಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಕಾರ್ಖಾನೆಯಲ್ಲಿ ನಿವೃತ್ತಿಯವರೆಗೂ ಮಾಡಿದ್ದು ಅಳೆಯುವ ಕೆಲಸ. ಎಣ್ಣೆ ಒರೆಸದೆ ಬಿಡಿಭಾಗ ತಂದವರನ್ನು ಬೈದು ವಾಪಸ್ ಕಳಿಸುತ್ತಿದ್ದವನು. ಅಂಥವನು ಸುಳ್ಳು ಹೇಳಿದ್ದೇಕೆಂದರೆ, ಪಕ್ಕದ ಕುರ್ಚಿಯಲ್ಲಿ ನನ್ನ ಪಾರ್ಕಿನ ಗೆಳೆಯರೊಬ್ಬರು ಕೂತಿದ್ದರು. ಆರ್.ಟಿ. ನಗರದಲ್ಲಿ ಟೈಲರ್ ಆಗಿದ್ದ ಸಾಹೇಬರು. ಮಂಡಿನೋವಿಗೆ ಎಣ್ಣೆಯೂ ಬೇಡ ಮಾತ್ರೆಯೂ ಬೇಡ, ನನ್ನ ಹಾಗೆ ನಡೆಯಿರಿ ಎಂದು ಅವರಿಗೆ ತಿಂಗಳುಗಟ್ಟಲೆ ಉಪದೇಶ ಮಾಡಿದ್ದೆ. ಇಷ್ಟೇ ಕಾರಣ. ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ತಿಂಗಳಾದ ಮೇಲೆ ಸಾಹೇಬರು ಪಾರ್ಕಿನಲ್ಲಿ ಗೊಣಗಿದರು.

"ಮತ್ತೆ ಕರೀತಿದಾಳೆ ಕಣ್ರೀ. ನಮ್ದೆಲ್ಲಾ ಎರಡು ಸಲದ್ದು ಹೊಂದ್ತಾ ಇಲ್ವಂತೆ. ಪಟ್ಟಿ ಅಂಟಿಸೋಕೇ ಬರಲ್ಲ ನಿಂಗೆ ಅಂತ ಅವಳ ಸರ್ ಉಗಿದ್ರಂತೆ. ಮೂರು ಮಹಡಿ ಮತ್ತೆ ಹತ್ತಬೇಕಾ? ನಂದೇನ್ ನಿಮ್ ಮಂಡಿನಾ?"

ಪಟ್ಟಿ ಅಂಟಿಸಲು ಬರುವುದಿಲ್ಲವೆಂದು ಅವಳಿಗೆ ಮೊದಲು ಹೇಳಿದವನು ನಾನು. ಅವತ್ತೇ ಹೋಗಿ ಎಣ್ಣೆಯ ವಿಷಯ ಹೇಳಿದೆ.

ಅವಳು ಬಯ್ಯಲಿಲ್ಲ. ಕಂಪ್ಯೂಟರಿನಲ್ಲಿ ನನ್ನ ಗೆರೆಗಳನ್ನು ತೆಗೆದು ತೋರಿಸಿದಳು.

"ನೋಡಿ ಅಂಕಲ್, ಬಲ ಎರಡೂ ದಿನ ಹೆಚ್ಚುಕಮ್ಮಿ ಒಂದೇ ಇದೆ. ಕರೆಂಟ್ ಅರ್ಧಕ್ಕಿಳಿದಿದೆ. ಇದನ್ನ ನೋಡಿದ್ಮೇಲೇ ನನ್ನ ಕೈ ಮೇಲೆ ನಂಗೇ ಅನುಮಾನ ಬಂದಿದ್ದು. ಬೇರೆಯವರದ್ದೂ ಅಷ್ಟಿಷ್ಟು ವ್ಯತ್ಯಾಸ ಇದೆ. ಅವರೂ ಹಚ್ಚಿದ್ರಾ? ಇಲ್ಲಾ, ಈ ಅಳತೆನೇ ಹಂಗಾ? ಹೆಂಗ್ ಹೇಳ್ಲಿ ಈಗ?"

"ನನ್ನನ್ನ ಮತ್ತೆ ಅಳತೆ ಮಾಡಮ್ಮ."

"ಆಗಲ್ಲ. ಚೀಟೀಲಿದ್ದ ನಿಯಮ ಮೀರಿದವರನ್ನ ಇಟ್ಕೊಳ್ಳೋ ಹಾಗಿಲ್ಲ, ನಿಮ್ಮನ್ನ ತೆಗೀಲೇಬೇಕು. ಸರ್ ಹತ್ರ ಬಂದು ಇದನ್ನೇ ಹೇಳ್ತೀರಾ?"

ಹೇಳಿದೆ. ಆ ಮೇಷ್ಟ್ರು ನನ್ನ ಮಗನಿಗಿಂತ ಚಿಕ್ಕವರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಈಗ ಹೇಳ್ತಿದ್ದೀರಲ್ಲ ಯಜಮಾನ್ರೇ. ಥೀಸಿಸ್ ಕೊಡೋಕೆ ಇವಳಿಗೆ ಉಳಿದಿರೋದೇ ಎರಡು ತಿಂಗಳು. ನಾನು ಬೇರೆ ಈ ಹುಡುಗೀನ ಎಷ್ಟು ಬೈದಿದ್ದೀನಿ."

ಉಳಿದವರನ್ನೆಲ್ಲ ಮೊದಲಿನಿಂದ ಎರಡೆರಡು ಸಲ ಅಳೆಯಬೇಕೆಂದಾಯಿತು. ಅವರನ್ನು ಒಪ್ಪಿಸುವ ಹೊಣೆ ನಾನೇ ಹೊತ್ತೆ. ಹಾಗೆಂದರೆ ಸಾಹೇಬರಿಗೆ ನಿಜ ಹೇಳಲೇಬೇಕು.

"ಅರೆ! ನೀವೂ ಹಚ್ತೀರಾ?" ಅವರು ನಡುದಾರಿಯಲ್ಲೇ ನಿಂತರು. "ನನ್ನ ಸುಮ್ನೆ ಇಷ್ಟು ದಿನ ನಡೆಸಿ ನಡೆಸಿ ಸಾಯಿಸಿದ್ರಲ್ರೀ! ಯಾವ ಎಣ್ಣೆ ಅದು? ಅದನ್ನಾದ್ರೂ ಹೇಳಿ."

"ಅಳತೆ ಮುಗೀಲಿ, ಹೇಳ್ತೀನಿ."

"ಇವರ ಮಾತು ಇನ್ನೂ ಕೇಳ್ಬೇಕು ನಾನು," ಎಂದು ಬೈಯುತ್ತಲೇ ಬಂದರು. ಉಳಿದವರೂ ಬಂದರು, ನನಗೆ ಒಂದೊಂದು ಮಾತು ಅಂದೇ ಬಂದರು. ಅನ್ನಲಿ.

ಕೊನೆಯ ದಿನ ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಹುಡುಗಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

"ಹೊಂದಿತೇನಮ್ಮ?" ಎಂದೆ.

"ಬಲ ಹೊಂದಿತು ಅಂಕಲ್. ಕರೆಂಟು ಇನ್ನೂ ಅಷ್ಟಕ್ಕಷ್ಟೇ."

ನನ್ನ ಮುಖ ಸಪ್ಪಗಾಗಿರಬೇಕು. ಅವಳೇ ಮಾತು ಮುಂದುವರಿಸಿದಳು.

"ಯಾಕೆ ಅಂಕಲ್? ಈ ಸಲ ಯಾರೂ ಎಣ್ಣೆ ಹಚ್ಚಿಲ್ಲ, ಅಂದ್ರೆ ಈ ಅಳತೆನೇ ಹಂಗೆ. ಇಷ್ಟಕ್ಕಿಂತ ಜಾಸ್ತಿ ಇದನ್ನ ನಂಬಬೇಡಿ ಅಂತ ಈಗ ಧೈರ್ಯವಾಗಿ ಬರೀಬಹುದು. ನನ್ನ ಕೈ ಸರಿ ಇದೆ ಅಂತ ಸರ್ ಕೂಡ ಒಪ್ಕೊಂಡ್ರು."