ಎಡಗಿವಿಯ ಹಿಂದಿನ ತೇಪೆ

ನೀಲವ್ವಕ್ಕ, ದೇವಿಯ ಮುಖವನ್ನು ನಾನು ನೋಡಿರಲಿಲ್ಲ. ನೋಡಿದ್ದೇನೆ ಎಂದು ಬರೆದೆ. ಆಮೇಲೆ ಪೊಲೀಸ್ ಠಾಣೆಯಲ್ಲಿ, ನಿಮ್ಮೆದುರೇ, ನೋಡಿದ್ದೇನೆ ಎಂದು ಹೇಳಿದೆ. ಎರಡೂ ಸುಳ್ಳು. ನೀವು ಹೇಳಿದ್ದೇ ನಿಜ. ಇಷ್ಟು ಹೇಳಲು ನನಗೆ ಆರು ವರ್ಷ ಬೇಕಾಯಿತು.

ನಿಮಗೆ ಓದಲು ಬರುವುದಿಲ್ಲ, ಗೊತ್ತು. ನಾನೇ ಬಂದು ಓದಿ ಹೇಳುತ್ತೇನೆ. ಆದರೂ ಬರೆದಿಡುತ್ತಿದ್ದೇನೆ, ಏಕೆಂದರೆ — ಬಾಯಲ್ಲಿ ಹೇಳಹೊರಟರೆ ನಡುನಡುವೆ ನುಣುಚಿಕೊಳ್ಳುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ನನ್ನ ಕೆಲಸ ಏನೆಂದು ಅಂದು ನಿಮಗೆ ಸರಿಯಾಗಿ ತಿಳಿಸಲೂ ಇಲ್ಲ. ಗೋವಾದ ಗುಡಿ, ಚರ್ಚು, ಹಳೆಯ ಮನೆಗಳಲ್ಲಿರುವ ಮೂರ್ತಿ, ದೀಪ, ಪಾತ್ರೆಗಳ ಫೋಟೊ ತೆಗೆದು, ಎತ್ತರ ತೂಕ ಬರೆದು, ಕಚೇರಿಯ ಕಂಪ್ಯೂಟರ್ ದಾಖಲೆಗೆ ಏರಿಸುವುದು. ನಾಳೆ ಯಾರಾದರೂ ಕದ್ದು ಯಾವ ದೇಶದಲ್ಲಿ ಮಾರಿದರೂ, ‘ಇದು ಇಂಥವರದು’ ಎಂದು ಹಿಡಿದು ಕೇಳಲು ಆ ದಾಖಲೆಯೇ ಆಧಾರ. ಅದರಲ್ಲಿ ‘ಗುರುತು’ ಎಂಬ ಒಂದು ಕಲಂ ಇದೆ. ಎಲ್ಲಿ ಸೀಳಿದೆ, ಎಲ್ಲಿ ಬೆಸುಗೆ ಹಾಕಿದೆ, ಎಲ್ಲಿ ಸವೆದಿದೆ. ಹಿತ್ತಾಳೆಯ ಹತ್ತು ಮುಖಗಳು ಒಂದೇ ಥರ ಇರಬಹುದು, ಗಾಯ ಮಾತ್ರ ಒಂದರಂತೆ ಇನ್ನೊಂದಿರುವುದಿಲ್ಲ. ಹೊಸಬರಿಗೆ ಇದನ್ನು ಪಾಠ ಹೇಳುತ್ತಿದ್ದವನೂ ನಾನೇ.

ನಾನು ಧಾರವಾಡದವನು, ನಿಮ್ಮ ಮಾತು ಬರುತ್ತದೆ ಎಂದೇ ನನ್ನನ್ನು ಮಂಗೋರ್ ಹಿಲ್‌ನ ನಿಮ್ಮ ಕನ್ನಡದವರ ಓಣಿಗೆ ಕಳಿಸಿದ್ದರು. ತಗಡಿನ ಮಾಡಿನ ಪುಟ್ಟ ಗುಡಿ. ಹಸಿರು ಸೀರೆ, ಮೂಗುತಿ, ಬೆಳ್ಳಿಯ ಕಣ್ಣು, ಹಣೆಯ ತುಂಬ ಭಂಡಾರ. ಅಷ್ಟರ ನಡುವೆ ಎಲ್ಲಮ್ಮನ ಹಿತ್ತಾಳೆಯ ಮುಖ ಅಂಗೈ ಅಗಲದಷ್ಟು ಮಾತ್ರ ಕಾಣುತ್ತಿತ್ತು. ಸೀರೆ ಸರಿಸಿ ಎಂದು ನಾನು ಕೇಳಿದಾಗ ನೀವು ನಾಲಿಗೆ ಕಚ್ಚಿಕೊಂಡಿರಿ.

“ಹಂಗ ತಾಯೀನ್ನ ಬರಿಮುಖಾ ನೋಡಬಾರದ್ರಿ ಸಾಹೇಬ್ರ. ಹುಣ್ಣಿವಿ ಹಿಂದಿನ ಮಂಗಳವಾರ ಹುಣಸಿಹಣ್ಣ ಹಚ್ಚಿ ತೊಳಿತೇವಿ. ಅವತ್ತ ಬರ್ರಿ. ಹಿಂದ ಮುಂದ ಎಲ್ಲಾ ನೋಡ್ರಿ, ಬರಕೋರಿ.”

ಬರುತ್ತೇನೆ ಎಂದೆ. ಬರಲಿಲ್ಲ. ನೀವು ಅವತ್ತು ಮಧ್ಯಾಹ್ನ ತಿರುಗುವವರೆಗೆ ದೇವಿಯನ್ನು ತೊಳೆಯದೆ ನನಗಾಗಿ ಕಾದಿರಿ ಎಂದು ಆಮೇಲೆ ತಿಳಿಯಿತು. ನನಗೆ ಜ್ವರವಿರಲಿಲ್ಲ, ರಜೆಯಿರಲಿಲ್ಲ. ಆ ದಿನ ನಾನು ಒಂದು ಚರ್ಚಿನ ದಂತದ ಮೂರ್ತಿಯ ಮುಂದೆ ಕೂತು, ಅದರ ಒಂದೊಂದು ಬೆರಳನ್ನೂ ಭೂತಗನ್ನಡಿಯಲ್ಲಿ ನೋಡುತ್ತಿದ್ದೆ. ಎರಡು ದಿನ ನೋಡಿದೆ. ನಿಮ್ಮ ದೇವಿಯ ಬಗ್ಗೆ ನನ್ನ ಮನಸ್ಸಿನಲ್ಲಿ ಇದ್ದದ್ದು — ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳಲೆಂದೇ ಕೂತಿದ್ದೇನೆ — ‘ಕೂಲಿಯವರ ಗುಡಿಯ ಹಿತ್ತಾಳೆ, ಇದನ್ನು ಯಾರು ಕದಿಯುತ್ತಾರೆ?’

ಗುರುತಿನ ಕಲಂ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಬಿಡುವುದಿಲ್ಲ. ‘ಪರಿಶೀಲಿಸಿಲ್ಲ’ ಎಂದು ಬರೆಯಬಹುದಿತ್ತು. ಹಾಗೆ ಬರೆದರೆ ಮತ್ತೊಮ್ಮೆ ಬೆಟ್ಟ ಹತ್ತಬೇಕಿತ್ತು. ‘ಗುರುತು: ಯಾವುದೂ ಇಲ್ಲ’ ಎಂದು ಬರೆದು ಕೈತೊಳೆದುಕೊಂಡೆ.

ಮರುವರ್ಷದ ಮಳೆಗಾಲದಲ್ಲಿ ಗುಡಿಯ ಬೀಗ ಮುರಿದು ದೇವಿಯ ಮುಖವನ್ನು ಕದ್ದರು. ಕೆಲವು ತಿಂಗಳಲ್ಲಿ ಹಳೆಯ ಸಾಮಾನುಗಳ ವ್ಯಾಪಾರಿಯೊಬ್ಬನ ಬಳಿ ಅಂಥದೇ ಮುಖ ಸಿಕ್ಕಿತು. ಗುರುತು ಹಿಡಿಯಲು ನಿಮ್ಮನ್ನು ಠಾಣೆಗೆ ಕರೆಸಿದರು, ದಾಖಲೆಯ ಪ್ರತಿಯೊಡನೆ ನನ್ನನ್ನೂ ಕರೆಸಿದರು. ಬೊಗ್ಮಾಳೊ ಬೀಚಿನಿಂದ ನೇರ ಬಂದಿದ್ದಿರಿ, ಮಾರಲು ಒಯ್ದಿದ್ದ ಮಣಿಸರಗಳು ಇನ್ನೂ ತೋಳಿನ ಮೇಲಿದ್ದವು. ಮುಖವನ್ನು ತಿರುಗಿಸುವ ಮೊದಲೇ ನೀವು ಹೇಳಿದಿರಿ:

“ಎಡಗಿವಿ ಹಿಂದ ತಾಮ್ರದ ತೇಪಿ ಐತ್ರಿ. ನಮ್ಮ ಮಾವ ಮನ್ಯಾಗಿನ ಚರಗಿ ತಳಾ ಕತ್ತರಿಸಿ ಹಚ್ಯಾನ. ಬೇಕಾದ್ರ ಚರಗಿ ತಂದ ತೋರಸ್ತೇನ್ರಿ.”

ತಿರುಗಿಸಿದರು. ತೇಪೆ ಇತ್ತು. ಅಲ್ಲಿಗೆ ಮುಗಿಯಬೇಕಿತ್ತು, ನೀಲವ್ವಕ್ಕ. ವ್ಯಾಪಾರಿಯ ವಕೀಲ ನನ್ನ ಕೈಯ ಹಾಳೆಯನ್ನು ಇಸಿದುಕೊಂಡು ಓದಿದ — ಗುರುತು, ಯಾವುದೂ ಇಲ್ಲ. ಇವರ ದೇವಿಗೆ ತೇಪೆಯೇ ಇರಲಿಲ್ಲವಲ್ಲ, ಇದು ಅದಲ್ಲ ಎಂದ.

“ಇವರು ತಾಯಿ ಮುಖಾನ ನೋಡಿಲ್ರಿ,” ಎಂದಿರಿ ನೀವು, ನನ್ನ ಕಡೆ ಕೈ ಮಾಡಿ.

ಅಧಿಕಾರಿ ನನ್ನನ್ನು ಕೇಳಿದರು. ನಾನು ಹೇಳಿದೆ: “ನೋಡಿಯೇ ಬರೆದದ್ದು.”

ಮೂರೇ ಮಾತು ಸಾಕಿತ್ತು — ‘ನಾನು ನೋಡಿಲ್ಲ, ಸರ್.’ ಒಂದು ದಾಖಲೆ ಸುಳ್ಳೆಂದರೆ ಉಳಿದವನ್ನೂ ತೆಗೆದು ನೋಡುತ್ತಾರೆ ಎಂಬ ಭಯ. ನೋಡಿದ್ದರೆ ಅಂಥವು ಇನ್ನೂ ಏಳು ಸಿಗುತ್ತಿದ್ದವು. ಏಳೂ ಬಡವರ ಗುಡಿಗಳವು.

ಓದಿದವನ ಹಾಳೆ ಗೆದ್ದಿತು. ಮುಖ ವ್ಯಾಪಾರಿಗೆ ಮರಳಿತು. ತಳ ಕತ್ತರಿಸಿದ ಆ ಚರಗಿ ಚೊಂಬನ್ನು ಯಾರೂ ನೋಡಲಿಲ್ಲ. ನಿಮ್ಮ ಓಣಿಯಲ್ಲಿ ಮಾತು ಬೇರೆಯೇ ಹಬ್ಬಿತು: ತೇಪೆಯಿಲ್ಲದ ಅಸಲಿ ದೇವಿಯನ್ನು ನೀಲವ್ವ ಎಂದೋ ಮಾರಿದ್ದಾಳೆ, ಗುಡಿಯಲ್ಲಿದ್ದದ್ದು ನಕಲಿ. ಹಿರಿಯರು ನಿಮ್ಮ ಸೊಂಟದಿಂದ ಗುಡಿಯ ಕೀಲಿ ಬಿಡಿಸಿಕೊಂಡರು. ನಿಮ್ಮ ಮಾವ ಊರಿಂದ ಹೊತ್ತು ತಂದ ದೇವಿಯ ಪೂಜೆ ನಿಮಗೇ ಇಲ್ಲದಾಯಿತು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಫಾತೋರ್ಡಾದ ನನ್ನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಉಂಡು ಮಲಗಿದೆ.

ಈಗ ನನ್ನ ಕೆಲಸ ಮಾರಾಟದ ಜಾಲತಾಣಗಳನ್ನು ಜಾಲಾಡಿ, ನಮ್ಮ ದಾಖಲೆಯೊಡನೆ ಹೋಲಿಸುವುದು. ಕಳೆದ ಸೋಮವಾರ ಪರದೇಶದ ಹರಾಜೊಂದರ ಪಟ್ಟಿಯಲ್ಲಿ ಆ ಮುಖ ಕಂಡೆ. ಅವರು ಹಿಂಬದಿಯ ಫೋಟೊವನ್ನೂ ಹಾಕಿದ್ದಾರೆ. ತಾಮ್ರದ ತೇಪೆ, ಒಂದು ಮೂಲೆ ಸೊಟ್ಟ. ನಿಮ್ಮ ದೇವಿಯ ಪೂರ್ತಿ ಮುಖವನ್ನು ನಾನು ಸಮಾಧಾನದಿಂದ ನೋಡಿದ್ದು ಅದೇ ಮೊದಲು. ಹರಾಜು ಬರುವ ತಿಂಗಳು. ತಡೆಯಬೇಕೆಂದರೆ ನಮ್ಮ ದಾಖಲೆ ತೋರಿಸಬೇಕು, ಮತ್ತು ನಮ್ಮ ದಾಖಲೆಯೇ ‘ಇದು ಅವರದಲ್ಲ’ ಎನ್ನುತ್ತದೆ. ಆ ಸಾಲನ್ನು ಸುಳ್ಳು ಮಾಡಬಲ್ಲವನು ಅದನ್ನು ಬರೆದವನೊಬ್ಬನೇ.

ನಿನ್ನೆ ಎಲ್ಲವನ್ನೂ ಬರೆದು ಮೇಲಧಿಕಾರಿಗೆ ಕೊಟ್ಟೆ. ಆ ಏಳರ ಪಟ್ಟಿಯನ್ನೂ ಸೇರಿಸಿದೆ. ಕೆಲಸ ಉಳಿಯುವುದು ಕಷ್ಟ ಎಂದರು. ಉಳಿಯದಿರಲಿ. ಹರಾಜಿನವರಿಗೂ ಪೊಲೀಸರಿಗೂ ಕಾಗದ ಹೋಗಿದೆ. ಈ ಮಂಗಳವಾರ ಮಂಗೋರ್ ಹಿಲ್‌ಗೆ ಬರುತ್ತೇನೆ. ಕ್ಷಮೆ ಬೇಡಲು ಅಲ್ಲ — ಅದನ್ನು ಕೇಳುವ ಮುಖ ನನಗಿಲ್ಲ. ನೀವು ಒಪ್ಪಿದರೆ ಆ ಚರಗಿಯ ಫೋಟೊ ಬೇಕು. ಅದರ ತಳ ಕತ್ತರಿಸಿದ ಜಾಗಕ್ಕೂ ಆ ತೇಪೆಯ ಅಂಚಿಗೂ ಅಳತೆ ಕೂಡಬೇಕು. ಆಮೇಲೆ ಗುಡಿಯ ಮುಂದೆ, ಕೀಲಿ ಕಿತ್ತುಕೊಂಡ ಹಿರಿಯರೆದುರು, ಇದನ್ನು ಮೊದಲಿಂದ ಕೊನೆಯವರೆಗೆ ಓದುತ್ತೇನೆ. ನೀವು ಬಾಗಿಲು ಹಾಕಿಕೊಂಡರೂ ಓದುತ್ತೇನೆ.

ದಾಖಲೆಯಲ್ಲಿ ಒಮ್ಮೆ ಬರೆದದ್ದು ಅಳಿಯುವುದಿಲ್ಲ. ನನ್ನ ಹೆಸರಿನ ಸುಳ್ಳು ಅಲ್ಲೇ ಇರುತ್ತದೆ, ಇರಲಿ. ಅದರ ಕೆಳಗೆ ಇಂದು ಬೆಳಿಗ್ಗೆ ಹೊಸ ಸಾಲು ಸೇರಿಸಿದ್ದೇನೆ:

‘ಗುರುತು: ಎಡಗಿವಿಯ ಹಿಂದೆ ತಾಮ್ರದ ತೇಪೆ. ನೋಡಿ ಹೇಳಿದವರು: ನೀಲವ್ವ. ಮೊದಲು ಬರೆದವನು ನೋಡಿರಲಿಲ್ಲ.’